ಗೀಸರಿಗೆ ಷಷ್ಟಿಪೂರ್ತಿ

ಗ್ಯಾಸ್ ಗೀಸರ್ ಏಳೆಂಟು ವರ್ಷ ಬಾಳಿದರೆ ಪುಣ್ಯ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾನೆ. ನಮ್ಮದು ಮನೆಗೆ ಬಂದಾಗ ಮಗಳು ಒಂದನೇ ಕ್ಲಾಸು. ಈಗ ಎಂಜಿನಿಯರಿಂಗ್ ಮುಗಿಸಿ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಮನುಷ್ಯರ ಲೆಕ್ಕಕ್ಕೆ ತಂದರೆ ಅದಕ್ಕೆ ಷಷ್ಟಿಪೂರ್ತಿ, ಭೀಮರಥ ಶಾಂತಿ ಎರಡೂ ಆಗಿಹೋಗಿವೆ. ಹಾಗಾಗಿ ಮನೆಯಲ್ಲಿ ಎರಡು ಪಕ್ಷ. ಬದಲಾಯಿಸಿ ಎನ್ನುವ ಪಕ್ಷದಲ್ಲಿ ಹೆಂಡತಿ, ಮಗಳು, ಪಕ್ಕದ ಮನೆಯವರು, ಹಾಲಿನವನು. ರಿಪೇರಿ ಮಾಡಿಸೋಣ ಎನ್ನುವ ಪಕ್ಷದಲ್ಲಿ ನಾನು. ಬಹುಮತ ಅವರದಾದರೂ ಸ್ಕ್ರೂಡ್ರೈವರ್ ನನ್ನ ಕೈಯಲ್ಲಿತ್ತು.

ನೋಡಿದವರಿಗೆ ಅದು ಗೋಡೆಗೆ ನೇತುಹಾಕಿದ ಬಿಳಿ ಡಬ್ಬ. ಒಳಗಿನ ವ್ಯವಹಾರ ಮಾತ್ರ ಬಲು ನಾಜೂಕು. ನಲ್ಲಿ ತಿರುಗಿಸಿದಾಗ ನೀರಿನ ಒತ್ತಡ ಡಯಾಫ್ರಂ ಎಂಬ ರಬ್ಬರ್ ಬಿಲ್ಲೆಯನ್ನು ತಳ್ಳಬೇಕು, ಅದು ಒಂದು ಕಡ್ಡಿಯನ್ನು ನೂಕಬೇಕು, ಕಡ್ಡಿ ಗ್ಯಾಸಿಗೆ ದಾರಿ ಬಿಡಬೇಕು, ಪಕ್ಕದ ಪುಟ್ಟ ಸ್ವಿಚ್ಚು ಒತ್ತಿಕೊಂಡು ಎರಡು ದಪ್ಪ ಸೆಲ್ಲುಗಳ ಬಲದಿಂದ ಟಕಟಕ ಕಿಡಿ ಹಾರಬೇಕು. ಆಮೇಲೆ ಬೆಂಕಿ, ಆಮೇಲೆ ತಾಮ್ರದ ಸುರುಳಿಯೊಳಗೆ ಓಡುವ ನೀರು ಬಿಸಿ. ಕರೆಂಟು ಬೇಡ. ಲೋಡ್ ಶೆಡ್ಡಿಂಗಿನ ಕಾಲದಲ್ಲಿ ನಾವು ಇದನ್ನು ತಂದದ್ದೇ ಆ ಗುಣಕ್ಕೆ. ಆದರೆ ನಮ್ಮ ಬೋರ್‌ವೆಲ್ ನೀರಿನ ಉಪ್ಪು ಕೂತು ಡಯಾಫ್ರಂ ಸೆಟೆದುಕೊಂಡಿತ್ತು. ಮೇಲಿನ ಟ್ಯಾಂಕು ಗೀಸರಿಗಿಂತ ಒಂದಾಳೆತ್ತರವೂ ಇಲ್ಲ. ಇಷ್ಟು ಒತ್ತಡಕ್ಕೆ ಬಗ್ಗಲು ಅದಕ್ಕೇನು ದಾಕ್ಷಿಣ್ಯವೇ?

ಹೀಗಾಗಿ ನಮ್ಮಲ್ಲಿ ಸ್ನಾನಕ್ಕೊಂದು ವಿಧಿ ಹುಟ್ಟಿಕೊಂಡಿತ್ತು. ಮೊದಲು ಮೋಟಾರು ಹಾಕಿ ಟ್ಯಾಂಕು ತುಂಬಿ ಚೆಲ್ಲುವಂತೆ ಮಾಡುವುದು. ಮನೆಯಲ್ಲಿ ಬೇರೆ ಯಾವ ನಲ್ಲಿಯನ್ನೂ ಯಾರೂ ಮುಟ್ಟದಿರುವುದು. ಆಮೇಲೆ ಚೆಂಬಿನ ಬುಡದಿಂದ ಗೀಸರಿನ ಎಡ ಮೂಲೆಗೆ ಹದವಾಗಿ ಕುಟ್ಟುವುದು. ಹದ ಮುಖ್ಯ. ಮೆತ್ತಗಾದರೆ ಅದು ಕೇಳಿಸಿಕೊಳ್ಳುವುದಿಲ್ಲ, ಜೋರಾದರೆ ನಾಬು ಕಳಚಿ ಬಕೆಟ್ಟಿಗೆ ಬೀಳುತ್ತದೆ.

ಕಳೆದ ದೀಪಾವಳಿಗೆ ನನ್ನ ಹೆಂಡತಿಯ ಅಣ್ಣ ಬಂದಿದ್ದರು. ಆಡಿಟ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ನೀರು ತುಂಬುವ ಹಬ್ಬದ ಸಂಜೆ ಅಮ್ಮ, ಹಂಡೆ ಅಟ್ಟ ಸೇರಿದೆಯಲ್ಲ ಎಂದು, ಗೀಸರಿಗೇ ಸುಣ್ಣದ ಪಟ್ಟೆ ಬಳಿಸಿ, ಕುಂಕುಮ ಇಡಿಸಿ, ಹಾಗಲಬಳ್ಳಿ ಸುತ್ತಿಸಿದ್ದರು. ಮಾರನೆಯ ಬೆಳಗಿನ ಜಾವ ಭಾವ ತಲೆಯಿಂದ ಪಾದದವರೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲು ಹೊಕ್ಕರು. ನಾನು ಬಾಗಿಲಾಚೆ ನಿಂತೆ.

"ಭಾವ, ನಲ್ಲಿ ಪೂರ್ತಿ ತಿರುಗಿಸಿ."

"ತಿರುಗಿಸಿದೀನಿ. ಟಕಟಕ ಅಂತಿದೆ, ಹತ್ತಲಿಲ್ಲ."

"ಚೆಂಬಿನಲ್ಲಿ ಎಡಗಡೆ ಕೆಳಗೆ ಒಂದು ಕುಟ್ಟಿ."

ಒಳಗಿನಿಂದ ಸದ್ದಿಲ್ಲ. ಆಮೇಲೆ, "ಯಾರ ಎಡ? ನಂದಾ, ಗೀಸರಿಂದಾ?"

ಇಷ್ಟು ವರ್ಷ ನನಗೇ ಹೊಳೆಯದ ಪ್ರಶ್ನೆ. ಕಣ್ಣು ಮುಚ್ಚಿ, ಕೈಯಲ್ಲಿ ಚೆಂಬಿದೆ ಎಂದುಕೊಂಡು, ಗಾಳಿಯಲ್ಲಿ ಎರಡು ಸಲ ಕುಟ್ಟಿ ನೋಡಿಕೊಂಡೆ. ಕಾಫಿ ಲೋಟ ಹಿಡಿದು ಬಂದ ಹೆಂಡತಿ ಇದನ್ನು ನೋಡಿ ಏನೂ ಕೇಳದೆ ಹಿಂತಿರುಗಿದಳು.

"ನಿಮ್ಮ ಎಡ, ಭಾವ."

ಠಣ್!

"ಅಷ್ಟು ಜೋರಾಗಲ್ಲ. ಸಾಲ ಕೇಳೋಕೆ ಹೋದವರು ಬಾಗಿಲು ತಟ್ಟುವ ಹಾಗೆ."

ಟಕ್. ಭುಗ್!

"ಹತ್ತಿತು!" ಎಂದು ಭಾವ ಕೂಗಿದರು. ನಾನೂ ಕೂಗಿದೆ. ಅದೇ ಗಳಿಗೆಗೆ ಅಡುಗೆಮನೆಯಲ್ಲಿ ಅಮ್ಮ ಅಕ್ಕಿ ತೊಳೆಯಲು ನಲ್ಲಿ ಬಿಟ್ಟರು.

"ಆರಿತು," ಎಂದರು ಭಾವ.

ಎಣ್ಣೆ ಕಣ್ಣಿಗಿಳಿಯುತ್ತಿದ್ದ ಆ ಮನುಷ್ಯನನ್ನು ಒಳಗೆ ನಿಲ್ಲಿಸಿ ನಾನು ಅಡುಗೆಮನೆಗೆ ಓಡಿದೆ, ಅಲ್ಲಿಂದ ಮೋಟಾರಿನ ಸ್ವಿಚ್ಚಿಗೆ, ಅಲ್ಲಿಂದ ಟೆರೇಸಿಗೆ. ಹಬ್ಬಕ್ಕೆ ಬಂದಿದ್ದ ಮಗಳು ಟ್ಯಾಂಕಿನ ಪಕ್ಕ ಮೊಬೈಲಿನ ಟಾರ್ಚು ಹಿಡಿದು ನಿಂತಳು. ಕೊನೆಗೆ ಭಾವ ಹೊರಗೆ ಬಂದಾಗ ತಲೆಯ ಒಂದು ಪಕ್ಕ ಸೀಗೆಪುಡಿಯಿಂದ ಶುಭ್ರ, ಇನ್ನೊಂದು ಪಕ್ಕ ಎಣ್ಣೆ. ಟವೆಲ್ಲು ಸುತ್ತಿಕೊಂಡೇ ಕೇಳಿದರು, "ಇದಕ್ಕೆ ಇಲ್ಲಿವರೆಗೆ ಎಷ್ಟು ಖರ್ಚಾಗಿದೆ?"

ಹೆಂಡತಿ ಬಿಲ್ಲುಗಳ ಕಟ್ಟು ತಂದುಕೊಟ್ಟಳು. ಅವಳು ಅವನ್ನೆಲ್ಲ ಎತ್ತಿಟ್ಟಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಕಿಟ್, ವಾಲ್ವು, ಸ್ವಿಚ್ಚು, ಮತ್ತೆ ಕಿಟ್. ಭಾವ ಕೂಡಿ ಹೇಳಿದ ಮೊತ್ತದಲ್ಲಿ ಹೊಸ ಗೀಸರು ಎರಡು ಬರುತ್ತಿದ್ದವು.

"ಒಂದೇ ಸಲಕ್ಕೆ ಕೊಟ್ಟದ್ದಲ್ಲವಲ್ಲ," ಎಂದೆ. ಈ ವಾದ ಈಗಲೂ ಸರಿಯೆಂದೇ ನನಗನಿಸುತ್ತದೆ.

ಉಳಿದ ದಾರಿಗಳನ್ನೂ ನೋಡಿದೆವು. ಎದುರು ಮನೆಯವರು ಸೋಲಾರ್ ಹಾಕಿಸಿಕೊಂಡು ವರ್ಷವಿಡೀ ನನಗೆ ಉಪದೇಶ ಮಾಡುತ್ತಾರೆ, ಆಷಾಢದ ಮೋಡ ಕವಿದಾಗ ಬಕೆಟ್ಟು ಹಿಡಿದು ನಮ್ಮ ಬಾಗಿಲಿಗೇ ಬರುತ್ತಾರೆ. ಅಂಗಡಿಯ ಹುಡುಗ ಕರೆಂಟು ಗೀಸರ್ ತೋರಿಸಿ, ಅದರ ಗುಣಕ್ಕಿಂತ ಕಂತಿನ ಗುಣವನ್ನೇ ಹೆಚ್ಚು ಹೊಗಳಿದ. ನಾನು ಮೆಕ್ಯಾನಿಕ್‌ಗೆ ಫೋನ್ ಮಾಡಿ ಇನ್ನೊಂದು ಡಯಾಫ್ರಂ ಹಾಕಿಸಿದೆ.

ಹೊಸ ಡಯಾಫ್ರಂ ಹಾಕಿ, ನಲ್ಲಿ ಬಿಟ್ಟು, ಅವನು ಬಗ್ಗಿ ಜ್ವಾಲೆ ನೋಡಿದ. "ಸಾರ್, ಹಳದಿ ಉರೀತಿದೆ. ನೀಲಿ ಇರಬೇಕು." ಕವರು ಬಿಚ್ಚಿದರೆ ಬರ್ನರಿನ ಮೇಲೆ ನಮ್ಮ ಹಾಗಲಬಳ್ಳಿಯ ಕರಕಲು ಎಲೆ, ಸುರುಳಿಯ ಮೇಲಿನ ತಗಡುಗಳ ಸಂದಿಯಲ್ಲೆಲ್ಲ ಮಸಿ. ನಾನು ನಕ್ಕೆ. ಅವನು ನಗಲಿಲ್ಲ. ತಲೆಯೆತ್ತಿ ವೆಂಟಿಲೇಟರ್ ನೋಡುತ್ತಿದ್ದ. ಚಳಿಗಾಳಿ ಬಾರದಿರಲೆಂದು ಅದಕ್ಕೆ ಹಳೆಯ ಕ್ಯಾಲೆಂಡರ್ ಅಂಟಿಸಿತ್ತು.

"ಮೇಡಂಗೆ ಸ್ನಾನ ಆದಮೇಲೆ ತಲೆನೋವು ಬರುತ್ತಾ?" ಎಂದು ಕೇಳಿದ.

ಬರುತ್ತಿತ್ತು. ತಲೆಸುತ್ತೂ ಇತ್ತು. ಪಿತ್ತ ಎಂದು ಶುಂಠಿ ಕಷಾಯ ಕುಡಿಸುತ್ತಿದ್ದೆವು.

ಸಿಲಿಂಡರಿನ ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಅದಕ್ಕೆ ಬೇಕೆಂದೇ ವಾಸನೆ ಸೇರಿಸಿರುತ್ತಾರೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ಬಚ್ಚಲಲ್ಲಿ ಕುಸಿದು ಸತ್ತವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಪಾಪ ಎಂದು ಪುಟ ತಿರುಗಿಸಿದ್ದೇವೆ. ನಮ್ಮ ಗೀಸರನ್ನು ಮೊದಲು ಗೋಡೆಗೆ ಬಿಗಿದ ಫಿಟ್ಟರು ಕಿಟಕಿ ಎಲ್ಲಿದೆ ಎಂದು ಕೇಳಿರಲಿಲ್ಲ; ರಸೀತಿಗೆ ಸಹಿ ಎಲ್ಲಿ ಹಾಕಬೇಕೆಂದು ಮಾತ್ರ ತೋರಿಸಿದ್ದ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಮಾಡಿದ ಗ್ಯಾಸ್ ಗೀಸರಿಗೂ ಹೊಗೆ ಹೊರಹೋಗಲು ಕೊಳವೆ ಇರಲಿಲ್ಲವಂತೆ. ಇಷ್ಟು ಕಾಲ ಕಳೆದ ಮೇಲೂ ನಮ್ಮದಕ್ಕೆ ಇರಲಿಲ್ಲ. ಊರಿನ ಮನೆಯಲ್ಲಿ ಅಜ್ಜಿಯ ಹಂಡೆಯೊಲೆಯ ಬಾಯಿ ಇದ್ದದ್ದು ಹಿತ್ತಲಿನ ಕಡೆಗೆ. ಸೌದೆ ಹೊರಗಿನಿಂದ ಒಟ್ಟಬೇಕು, ಹೊಗೆಯೂ ಹೊರಗೇ. ಅಜ್ಜಿಗೆ ಹಿಮೋಗ್ಲೋಬಿನ್ ಗೊತ್ತಿರಲಿಲ್ಲ.

"ರಿಪೇರಿನೋ ಹೊಸದೋ ನೀವೇ ತೀರ್ಮಾನ ಮಾಡಿ ಸಾರ್," ಎಂದ ಮೆಕ್ಯಾನಿಕ್, ಕ್ಯಾಲೆಂಡರ್ ಹರಿದು ಮಡಚುತ್ತ. "ಬಚ್ಚಲೊಳಗೆ ಮಾತ್ರ ನಾನು ವಾಪಸ್ ಹಾಕಲ್ಲ." ಆ ದಿನದ ಮಜೂರಿಯನ್ನೂ ತೆಗೆದುಕೊಳ್ಳಲಿಲ್ಲ.

ಈಗ ಹೊಸ ಗೀಸರು ಬಚ್ಚಲಿನ ಹೊರಗೆ, ಬಟ್ಟೆ ಒಗೆಯುವ ತೆರೆದ ಯುಟಿಲಿಟಿಯ ಗೋಡೆಯಲ್ಲಿದೆ. ಒಳಗೆ ಬರುವುದು ಪೈಪು ಮಾತ್ರ. ಹೆಂಡತಿಯ ಪಿತ್ತ ಇಳಿದಿದೆ. ನಿಮ್ಮ ಗ್ಯಾಸ್ ಗೀಸರು ಇನ್ನೂ ಬಚ್ಚಲೊಳಗೇ ಇದ್ದರೆ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಅದನ್ನು ಹಚ್ಚಬೇಡಿ, ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ನಮ್ಮ ಹಳೆಯದು ಅಟ್ಟದಲ್ಲಿ ಹಂಡೆಯ ಪಕ್ಕ ಕೂತಿದೆ. ಗುಜರಿಯವನು ತಾಮ್ರದ ತೂಕಕ್ಕೆ ಕೇಳಿದ, ನಾನು ಕೊಡಲಿಲ್ಲ. ಡಯಾಫ್ರಂ ಹೊಚ್ಚಹೊಸದು.