ಶ್ವಾಸಕೋಶ ಕತ್ತರಿಸಿದರೆ ಉಸಿರು ಹೆಚ್ಚುತ್ತದೆಯೆ? ಸರಸ್ವತಿಪುರಂನ ಹಿರಿಯರಿಗೊಂದು ಬಹಿರಂಗ ಪತ್ರ

ಮಾನ್ಯ ಹಿರಿಯರೆ,

ಕುಕ್ಕರಹಳ್ಳಿ ಕೆರೆಯನ್ನು ದಿನಾ ಸುತ್ತುತ್ತಿದ್ದ ನಿಮ್ಮಲ್ಲಿ ಕೆಲವರು ಈಗ ಎರಡು ಕ್ರಾಸ್ ದಾಟುವಷ್ಟರಲ್ಲಿ ಯಾರದೋ ಕಾಂಪೌಂಡಿಗೆ ಕೈಯೂರಿ, ತುಟಿ ಚೂಪು ಮಾಡಿ ಗಾಳಿ ಬಿಡುತ್ತ ನಿಲ್ಲುತ್ತೀರಿ. "ವಯಸ್ಸಾಯ್ತಲ್ಲಪ್ಪ" ಎನ್ನುತ್ತೀರಿ. ಬೀಡಿ, ಸಿಗರೇಟು ಸೇದಿದವರಿಗೆ, ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕೂತ ತಾಯಂದಿರಿಗೆ ಅದು ಬರೀ ವಯಸ್ಸಲ್ಲ, ಎಂಫಿಸೀಮಾ ಇದ್ದೀತು.

ಈ ಕಾಯಿಲೆಯಲ್ಲಿ ಗಾಳಿಗೂಡುಗಳ ಗೋಡೆ ಹರಿದು ಶ್ವಾಸಕೋಶ ಬಿಗಿ ಕಳೆದುಕೊಳ್ಳುತ್ತದೆ. ಒಳಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ಎದೆ ಉಬ್ಬಿ, ಕೆಳಗಿನ ವಪೆ ಚಪ್ಪಟೆಯಾಗಿ, ಉಸಿರೆಳೆಯುವ ಬಲ ಕುಗ್ಗುತ್ತದೆ. ಕೆಟ್ಟ ಭಾಗ ಸಿಟಿ ಬಸ್ಸಿನ ಸೀಟಿನ ಮೇಲಿಟ್ಟ ಮೂಟೆಯಂತೆ ಜಾಗ ಹಿಡಿದುಕೊಂಡಿರುತ್ತದೆ. ತೀರಾ ಕೆಟ್ಟ ಶೇ. 20ರಿಂದ 30ರಷ್ಟನ್ನು ತೆಗೆದರೆ ಉಳಿದದ್ದಕ್ಕೆ ಅರಳಲು ಎಡೆ ಸಿಗುತ್ತದೆ, ವಪೆ ಮತ್ತೆ ಕಮಾನಾಗುತ್ತದೆ. ಕತ್ತರಿಸಿದ ಮೇಲೆ ಉಸಿರು ಹೆಚ್ಚುವುದು ಹೀಗೆ.

ಅಮೆರಿಕದ ಓಟೋ ಬ್ರ್ಯಾಂಟಿಗನ್ 1950ರ ದಶಕದಲ್ಲೇ ಇದನ್ನು ಮಾಡಿದರು. ಸಾವುಗಳು ಹೆಚ್ಚಾಗಿ ಅದು ಮೂಲೆಗೆ ಬಿತ್ತು. 1995ರಲ್ಲಿ ಜೋಯೆಲ್ ಕೂಪರ್ ತಮ್ಮ ಮೊದಲ 20 ರೋಗಿಗಳ ವಿವರ ಪ್ರಕಟಿಸಿದರು: ಮೊದಲ ಒಂದು ಸೆಕೆಂಡಿನಲ್ಲಿ ಊದುವ ಗಾಳಿ ಸರಾಸರಿ ಶೇ. 82ರಷ್ಟು ಹೆಚ್ಚಿತ್ತು. ಎಲ್ಲೆಡೆ ಭರವಸೆ ಉಕ್ಕಿತು.

ಆಮೇಲೆ 1,218 ಜನರ ಮೇಲೆ ದೊಡ್ಡ ಪರೀಕ್ಷೆ ನಡೆದು 2003ರಲ್ಲಿ ಫಲಿತಾಂಶ ಬಂತು. ರೋಗ ಮುಖ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿದ್ದು, ವ್ಯಾಯಾಮದ ಶಕ್ತಿ ತೀರ ಕುಗ್ಗಿದ್ದವರು ಆಪರೇಷನ್ನಿನಿಂದ ಹೆಚ್ಚು ಕಾಲ ಬದುಕಿದರು. ರೋಗ ಬೇರೆಡೆ ಇದ್ದು ಚೆನ್ನಾಗಿ ಓಡಾಡುತ್ತಿದ್ದವರಿಗೆ ಅದು ಹಾನಿಯನ್ನೇ ಮಾಡಿತು. ಊದುವ ಶಕ್ತಿ ಸಹಜದ ಶೇ. 20ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದು, ರೋಗ ಎಲ್ಲೆಡೆ ಸಮನಾಗಿ ಹರಡಿದ್ದವರು, ಇಲ್ಲವೆ ರಕ್ತಕ್ಕೆ ಗಾಳಿ ಸೇರುವ ಸಾಮರ್ಥ್ಯವೂ ಅಷ್ಟೇ ಕುಸಿದಿದ್ದವರು ಸೇರಿದ ಗುಂಪಿನಲ್ಲಿ ಶೇ. 16 ಮಂದಿ ತಿಂಗಳೊಳಗೆ ತೀರಿಹೋದರು. ಅಂಥವರಿಗೆ ಆಪರೇಷನ್ ನಿಲ್ಲಿಸಲಾಯಿತು.

ಆದ್ದರಿಂದ ನೆರೆಮನೆಯವರಿಗೆ ಗುಣವಾಯಿತೆಂದು ನೀವು ಒಪ್ಪಿಕೊಳ್ಳಬೇಡಿ. ಇನ್ನೊಬ್ಬರು ಉಳಿಯಲಿಲ್ಲವೆಂದು ಬೇಡವೆನ್ನಲೂ ಬೇಡಿ. "ಊದಿ, ಊದಿ, ಇನ್ನೂ ಊದಿ" ಎಂದು ಸ್ಪೈರೋಮೆಟ್ರಿ (ಊದುವ ಪರೀಕ್ಷೆ) ಮಾಡುವ ಟೆಕ್ನೀಷಿಯನ್ ಹುರಿದುಂಬಿಸುವಾಗ ಕಣ್ಣಲ್ಲಿ ನೀರು ಬಂದರೂ ಆರು ಸೆಕೆಂಡು ಪೂರ್ತಿ ಊದಿ. ನಿಮ್ಮ ದಾರಿ ತೀರ್ಮಾನವಾಗುವುದು ಆ ಸ್ಪೈರೋಮೆಟ್ರಿ, ಎದೆಯ ಸಿಟಿ ಸ್ಕ್ಯಾನ್, ಆರು ನಿಮಿಷದ ನಡಿಗೆ ಪರೀಕ್ಷೆಗಳಿಂದ.

ಶ್ವಾಸಕೋಶ ತಜ್ಞರನ್ನು ಕೇಳಿ: ನನ್ನ ರೋಗ ಮೇಲ್ಭಾಗದಲ್ಲಿದೆಯೆ? ಎದೆ ತೆರೆಯದೆ ಉಸಿರುನಾಳದಲ್ಲಿ ಕವಾಟ ಇಡುವ ವಿಧಾನ ನನಗೆ ಒಗ್ಗುತ್ತದೆಯೆ? ಉಸಿರಾಟದ ವ್ಯಾಯಾಮ ಮುಗಿಸಿದ ಮೇಲೆ ನೋಡೋಣವೆ? ಬೇರೆ ಕಾರಣಕ್ಕೆ, ಗಾಲ್‌ಬ್ಲ್ಯಾಡರ್‌ಗೋ ಹರ್ನಿಯಾಗೋ ಆಪರೇಷನ್ ಇದ್ದರೂ ಅರಿವಳಿಕೆ ವೈದ್ಯರಿಗೆ ಈ ಕಾಯಿಲೆಯನ್ನು ಮೊದಲೇ ಹೇಳಿ. ಹೊಟ್ಟೆಯ ಮೇಲ್ಭಾಗದ ಗಾಯದ ನೋವಿಗೆ ಜೋರಾಗಿ ಕೆಮ್ಮಲಾಗದೆ ಕಫ ಕಟ್ಟಿಕೊಳ್ಳುತ್ತದೆ.

ಶಸ್ತ್ರಚಿಕಿತ್ಸೆಯ ಲಾಭವೂ ವರ್ಷಗಳು ಕಳೆದಂತೆ ಕರಗುತ್ತದೆ. ಸೇದುವುದನ್ನು ಬಿಡದವರಿಗೆ ಯಾವ ಸರ್ಜನ್ನೂ ಕತ್ತಿ ಎತ್ತುವುದಿಲ್ಲ, ಎತ್ತಲೂಬಾರದು. ಸೇದುತ್ತಿದ್ದರೆ ಇವತ್ತೇ ಬಿಡಿ. ಮಕ್ಕಳೆ, ಈ ವಾರ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಒಮ್ಮೆ ಊದಿಸಿ.

ನಿಮ್ಮ ಬಡಾವಣೆಯ,
ಒಬ್ಬ ನಿವಾಸಿ