ಹಿತ್ತಲ ಬಾಗಿಲಿನ ಹೊಗೆ

ಹಳೇ ಅಂಬಾಸಡರ್ ಸಾಕಿದವರನ್ನು ಮದುವೆಮನೆಯಲ್ಲಿ ಮೂಗಿನಿಂದಲೇ ಗುರುತಿಸಬಹುದು: ರೇಷ್ಮೆ ಪಂಚೆಗೂ ಹೊಗೆಯ ವಾಸನೆ. 2014ಕ್ಕೆ ತಯಾರಿಕೆಯೇ ನಿಂತ ಗಾಡಿ. ‘ಹಳೇದು ಅಂದ್ಮೇಲೆ ಹಾಗೇ ಸಾರ್’ ಎಂದು ಮೆಕ್ಯಾನಿಕ್ ಸಮಾಧಾನ ಹೇಳುತ್ತಾನೆ. ಹಿಂದಿನ ಸೀಟಿನ ಅತ್ತೆಯವರಿಗೆ ಸಮಾಧಾನವಾಗುವುದಿಲ್ಲ.

ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿರಬಹುದು, ನಿಜ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ‘ಟಿಕ್ ಟಿಕ್’ ಎಂದು ಅದೇ ತಪ್ಪೊಪ್ಪಿಕೊಳ್ಳುತ್ತದೆ. ಆದರೆ ಎಷ್ಟೋ ಸಲ ಕಳ್ಳ ಹಿತ್ತಲ ಬಾಗಿಲಿನವನು. ಓಡುವ ಕಾರಿನ ಬೆನ್ನಿಗೆ ಗಾಳಿಯ ಒತ್ತಡ ಇಳಿಯುತ್ತದೆ. ಸೈಲೆನ್ಸರ್ ಬಿಟ್ಟ ಹೊಗೆ ಅಲ್ಲೇ ಸುತ್ತುತ್ತ, ಡಿಕ್ಕಿಯ ಒಣಗಿದ ರಬ್ಬರ್ ಬೀಡಿಂಗ್, ಹಿಂದಿನ ದೀಪಗಳ ಸಂದುಗಳಿಂದ ಒಳಗೆ ನುಸುಳುತ್ತದೆ. ಕಿಟಕಿ ತೆರೆದರೆ ಕೆಲವೊಮ್ಮೆ ಇನ್ನಷ್ಟು ಎಳೆದುಕೊಳ್ಳುತ್ತದೆ!

ರಾತ್ರಿ ಉರಿಯುವ ಟಾರ್ಚನ್ನು ಡಿಕ್ಕಿಯಲ್ಲಿಟ್ಟು ಮುಚ್ಚಿ, ಬೆಳಕು ಎಲ್ಲಿಂದ ಇಣುಕುತ್ತದೋ ನೋಡಿ. (ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ, ಅದು ಬೇರೆ ಮಾತು.) ಸೆಂಟ್ ಹೊಡೆದು ಮಾತ್ರ ವಾಸನೆ ಮುಚ್ಚಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಪ್ರಾಣ ತೆಗೆಯುವುದು ಅದೇ. ದಾರಿಯಲ್ಲಿ ತಲೆ ನೋಯತೊಡಗಿದರೆ ಅತ್ತೆಯವರನ್ನು ದೂರಬೇಡಿ. ಗಾಡಿ ನಿಲ್ಲಿಸಿ, ಅವರನ್ನೂ ಕರೆದುಕೊಂಡು ಕೆಳಗಿಳಿಯಿರಿ.