ಹೋತ ಮತ್ತು ಗ್ಲೈಡರ್

ವಿದೇಶಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಇರುತ್ತವೆ. ನಮ್ಮ ಮಹಾಶಯರ ಪೆಟ್ಟಿಗೆಯಲ್ಲಿ ಒಂದು ಜೊತೆ ರೆಕ್ಕೆ ಇರುತ್ತದೆ. ಫೋಮಿನದು, ಹೆಂಡತಿಯ ಸ್ವೆಟರ್ ಸುತ್ತಿದ್ದು. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕೆಂಬುದು ವಿಮಾನದ ನಿಯಮ. ಹಾಗಾಗಿ ತಪಾಸಣೆಯ ಮೇಜಿನೆದುರು ಐವತ್ತು ದಾಟಿದ ಈ ಗಂಡಸು, "ಇದು ಆಟಿಕೆಯಲ್ಲ, ರಿಮೋಟ್ ಗ್ಲೈಡರ್" ಎಂದು ಪ್ರವಚನಕ್ಕೆ ತೊಡಗುತ್ತಾರೆ. ಅಷ್ಟರಲ್ಲಿ ಹೆಂಡತಿ ಪಕ್ಕದ ಸಾಲಿಗೆ ಸರಿದು ಅಪರಿಚಿತರಾಗಿರುತ್ತಾರೆ.

ಮೋಟಾರಿಲ್ಲದ ಈ ಗ್ಲೈಡರಿಗೆ ಒಂದು ಬೋಳುಗುಡ್ಡ, ಅದಕ್ಕೆ ನೇರ ಬಡಿಯುವ ಗಾಳಿ ಇದ್ದರೆ ಸಾಕು. ಬಡಿದ ಗಾಳಿ ಇಳಿಜಾರು ಹತ್ತಿ ಮೇಲೇಳುತ್ತದೆ. ಅದರ ಹೆಗಲೇರಿ ಗ್ಲೈಡರ್ ಹದ್ದಿನಂತೆ ತೇಲುತ್ತದೆ. ಆದ್ದರಿಂದ ಮಹಾಶಯರು ಊರು ಆರಿಸುವುದು ಚರ್ಚು, ಮ್ಯೂಸಿಯಂ ನೋಡಿ ಅಲ್ಲ, ನಕ್ಷೆಯಲ್ಲಿನ ಎತ್ತರದ ಗೆರೆ ನೋಡಿ. ಜರ್ಮನಿಯಲ್ಲಿ ಹುಡುಕಿದ್ದು 950 ಮೀಟರಿನ ವಾಸರ್‌ಕುಪ್ಪೆ. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದ ಎಂಜಿನ್ ವಿಮಾನಗಳಿಗೆ ಕಡಿವಾಣ ಹಾಕಿದಾಗ, ಎಂಜಿನ್ನೇ ಬೇಡ ಎಂದು ಜರ್ಮನರು 1920ರಲ್ಲಿ ಗ್ಲೈಡರ್ ಸ್ಪರ್ಧೆ ಶುರುಮಾಡಿದ ಬೆಟ್ಟ. ಇವರು ಹೋದ ದಿನ ಒಪ್ಪಂದ ಗಾಳಿಗೂ ಅನ್ವಯಿಸಿತ್ತು. ಸಂಜೆವರೆಗೆ ಕಾದು, ಆಲೂಗಡ್ಡೆ ತಿಂದು ಇಳಿದರು.

ಗಾಳಿ ಸಿಕ್ಕಿದ್ದು ವೇಲ್ಸ್‌ನ ಲ್ಯಾಂಡಡ್ನೋದಲ್ಲಿ. ಊರಿನ ತಲೆಯ ಮೇಲೇ ಗ್ರೇಟ್ ಆರ್ಮ್, ಸಮುದ್ರಕ್ಕೆ ಚಾಚಿದ 207 ಮೀಟರಿನ ಸುಣ್ಣಗಲ್ಲಿನ ಗುಡ್ಡ. 1902ರಿಂದ ಹಗ್ಗ ಜಗ್ಗುವ ಟ್ರಾಮ್ ಇದೆ, ಮಂಡಿಗೆ ಪುಣ್ಯ. ಎಸೆದದ್ದೇ ತಡ, ಗ್ಲೈಡರ್ ಆಕಾಶಕ್ಕೆ ಅಂಟಿತು.

ಆಗ ಶುರುವಾಯಿತು: "ಡ್ರೋನಾ?" ಡ್ರೋನ್ ಬಂದ ಮೇಲೆ ಕೈಯಲ್ಲಿ ರಿಮೋಟ್ ಹಿಡಿದವರೆಲ್ಲ ಗೂಢಚಾರರೇ. ನಾಲ್ಕನೆಯವರಿಗೆ ರೇಗಿ ಉತ್ತರಿಸಲು ತಿರುಗಿದರು. ಗ್ಲೈಡರ್ ಗುಡ್ಡದ ಬೆನ್ನಿಗೆ ಜಾರಿತು. ಅಲ್ಲಿ ಗಾಳಿ ಕೆಳಕ್ಕೆ ಮಗುಚುತ್ತದೆ. ಮಗುಚಿತು.

ಓಡಿಹೋಗಿ ನೋಡಿದರೆ ರೆಕ್ಕೆಯ ಮೇಲೆ ಒಂದು ಹೋತ ಕಾಲಿಟ್ಟು ನಿಂತಿದೆ. ನೊರೆಯಂಥ ಬಿಳಿ ರೋಮ, ಹಿಂದಕ್ಕೆ ಬಾಗಿದ ಕೊಂಬು, ತಹಶೀಲ್ದಾರರ ಗಾಂಭೀರ್ಯ. ಸಾಮಾನ್ಯದ ಹೋತವಲ್ಲ. ತಳಿ ಕಾಶ್ಮೀರದ್ದು, ವಿಂಡ್ಸರಿನ ರಾಜಮನೆತನದ ಹಿಂಡಿನಿಂದ 19ನೇ ಶತಮಾನದಲ್ಲಿ ಇಲ್ಲಿಗೆ ಬಂದು ಕಾಡುಬಿದ್ದ ಸಂತಾನ. 2020ರ ಲಾಕ್‌ಡೌನ್‌ನಲ್ಲಿ ಪೇಟೆಗಿಳಿದು ಜನರ ಹೂಗಿಡ ಮೇಯ್ದು ಜಗತ್ತಿನ ಪತ್ರಿಕೆಗಳಲ್ಲಿ ಮೆರೆದದ್ದು ಇವೇ. ಮಹಾಶಯರು ಮೊದಲು ಇಂಗ್ಲಿಷಿನಲ್ಲಿ "ಪ್ಲೀಸ್" ಎಂದರು. ಹೋತ ಮೆಲುಕು ಹಾಕಿತು. ಮೂಲದಲ್ಲಿ ನಮ್ಮ ಕಡೆಯದಲ್ಲವೇ ಎಂದು "ಹಟೋ ಭಾಯಿ" ಎಂದರು. ಎರಡನೇ ಕಾಲನ್ನೂ ಇಟ್ಟಿತು. ಕೊನೆಗೆ ಅಜ್ಜಿಯ ಹಿತ್ತಿಲಿನ ಕನ್ನಡದಲ್ಲಿ, ಕೈ ಬೀಸಿ, "ಹಚಾ! ಹಚಾ!" ಹೋತ ತಲೆಯೆತ್ತಿ ನೋಡಿತು. ಅರ್ಥವಾಯಿತೆಂದು ಇವರು ಹಿಗ್ಗುವಷ್ಟರಲ್ಲಿ ರೆಕ್ಕೆಯ ತುದಿ ಅದರ ಬಾಯಲ್ಲಿತ್ತು. ರೆಕ್ಕೆ ಹಾಳಾಗಲಿ, ಫೋಮು ಹೊಟ್ಟೆಗಿಳಿದರೆ ಪ್ರಾಣಿಯ ಗತಿ? ಮಹಾಶಯರಿಗೆ ನಿಜಕ್ಕೂ ಬೆವರಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಹೆಂಡತಿ ಛತ್ರಿಯನ್ನು ಫಟ್ಟನೆ ಬಿಚ್ಚಿದರು. ಹೋತ ತುಂಡನ್ನು ಉಗುಳಿ, ಅವಸರವಿಲ್ಲದೆ ನಡೆದುಹೋಯಿತು. ತುಂಡು ರೆಕ್ಕೆಗೆ ಕೂಡಿತು; ಜೊಲ್ಲೊರೆಸಿದ್ದು ಅದೇ ಸ್ವೆಟರಿನಿಂದ.

ಮರುವರ್ಷ ಬರ್ಲಿನ್ನಿನಾಚೆಯ ಸ್ಟೋಲ್ನ್ ಹಳ್ಳಿ. ಅಲ್ಲೊಂದು ಹಳೆಯ ಇಲ್ಯುಶಿನ್ ಜೆಟ್ ಇದೆ. 1989ರಲ್ಲಿ ಹುಲ್ಲಿನ ಮೇಲೇ ಬಂದಿಳಿದು ನಿಂತದ್ದು, ಈಗ ಅದರೊಳಗೆ ಮದುವೆ ನಡೆಯುತ್ತವೆ. ಹೆಂಡತಿ ನಕ್ಕರು. ಪಕ್ಕದ ಗೋಲನ್‌ಬರ್ಗ್ ಗುಡ್ಡದಲ್ಲಿ 1896ರ ಆಗಸ್ಟ್ 9ರಂದು ಗ್ಲೈಡರ್ ಹಾರಾಟದ ಆದ್ಯರಲ್ಲೊಬ್ಬನಾದ ಆಟೋ ಲಿಲಿಯೆಂಥಾಲ್ ತನ್ನ ಗ್ಲೈಡರಿನೊಂದಿಗೆ ಸುಮಾರು 15 ಮೀಟರ್ ಎತ್ತರದಿಂದ ಬಿದ್ದ. ಮರುದಿನ ಬರ್ಲಿನ್ನಿನಲ್ಲಿ ತೀರಿಕೊಂಡ. 48 ವರ್ಷ.

ಮಹಾಶಯರು ಅಲ್ಲಿ ಚೀಲ ಬಿಚ್ಚಲಿಲ್ಲ. ಅವತ್ತು ಗಾಳಿ ಚೆನ್ನಾಗಿತ್ತು.